ಕೆರೆಯಂಗಳದ ನಾಲ್ಕು ಮೊಟ್ಟೆ

ಅಕ್ಕನಿಗೆ ನಮಸ್ಕಾರ.

ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟ ನೆಲ ಗಂಗಮ್ಮನ ಮಡಿಲು, ಅಲ್ಲಿ ಅಗೆದರೆ ಕೆರೆಗೆ ನೀರು ನಿಲ್ಲದು ಎಂಬ ಕಥೆಯನ್ನು ಮೊದಲು ಹೇಳಿದವಳು ನಮ್ಮ ಪಿಳ್ಳಮ್ಮಜ್ಜಿ, ಸಾಸಲು ಕೆರೆ ಬತ್ತಿದ ವರ್ಷ. ನಿನ್ನೆ ಸಂಜೆ ಅದನ್ನೇ ಈ ಹೊಸಕೋಟೆ ಕಡೆಯ ಕೆರೆಯಲ್ಲಿ ಹೇಳಿದೆ.

ನಾನು ಅಡುಗೆ ಮಾಡಿಹಾಕುವ ಸಿಂಚನ ಮೇಡಂ ಹಕ್ಕಿಗಳ ಸಂಶೋಧಕಿ. ಇಲ್ಲಿನ ಟಿಟ್ಟಿಭ ಬಿಸಿಲೇರಿದರೆ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಓಡಿಬಂದು ಮೊಟ್ಟೆಗಳನ್ನು ತಣಿಸುತ್ತದೆ, ಅಕ್ಕ! ಈ ಬೇಸಿಗೆಯ ತಾಪಕ್ಕೆ ಅವು ಉಳಿಯುತ್ತವೆಯೇ ಎಂದೇ ಮೇಡಂ ನೋಡುತ್ತಿರುವುದು. ಅಷ್ಟರಲ್ಲಿ ನಿನ್ನೆ ಮೊಟ್ಟೆಗಳಿದ್ದ ಕಡೆಗೇ ಹೂಳೆತ್ತುವ ಜೆಸಿಬಿ ಬಂತು. ನನ್ನ ಕಥೆ ಕೇಳಿದ ಡ್ರೈವರ್ ಬೈರೇಶ್, "ಗಂಗಮ್ಮನ ತಂಟೆ ನಮಗ್ಯಾಕೆ ಗುರು? ಮರಿ ಹಾರೋಗಂಟ ಆ ಕಡೆ ಅಗೀತೀವಿ ಬಿಡು" ಅಂದ. ಉಸಿರು ಬಂತು.

ಮಂಡಿನೋವು ಕಡಿಮೆಯಾಗಿದೆ, ನೀನು ಕೊಟ್ಟ ಎಣ್ಣೆ ಮುಗಿಯಿತು.

ಇಷ್ಟು ಬರೆದು ತಲೆಯೆತ್ತಿದರೆ, ಬೈರೇಶ್ ಮತ್ತವನ ಜೊತೆಯವರು ಬೆಳಬೆಳಿಗ್ಗೆಯೇ ಸ್ನಾನ ಮಾಡಿ ಬಂದು ಮೊಟ್ಟೆಗಳ ಸುತ್ತ ಅರಿಶಿನ ಕುಂಕುಮ ಹಾಕಿ ತೆಂಗಿನಕಾಯಿ ಒಡೆಯುತ್ತಿದ್ದಾರೆ. ಹಕ್ಕಿ ದೂರದಲ್ಲಿ ಕಿರುಚುತ್ತಿದೆ. ಕಾಯಿಚೂರಿಗೆ ಕಾಗೆಗಳು ಇಳಿಯುತ್ತಿವೆ.

ಕಾಗೆಗಳು ಮೊಟ್ಟೆಯನ್ನೂ ಬಿಡುವುದಿಲ್ಲ, ಓಡುತ್ತೇನೆ.

ನಿನ್ನ ತಮ್ಮ
ಕೆಂಪರಾಜು