ಎರಡು ವಾರ ಸೇರಿಸಿದ ಲೆಕ್ಕ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ, ಇಲ್ಲ ಡಾಕ್ಟರು ಕೊಟ್ಟ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳದೆ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಭಾವನ ಕೆಮ್ಮು ಹೇಗಿದೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಿಕ್ಕವಳ ಮುಂದಿನ ಎರಡು ಹಲ್ಲು ಬಿದ್ದು, ಈಗ ಅವಳ ಅರ್ಧ ಮಾತು ಗಾಳಿಯಲ್ಲೇ ಹೋಗುತ್ತದೆ. ಉಳಿದರ್ಧದಲ್ಲಿ ಅತ್ತೆ ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ನಾನು ಬರೆಯಲು ಕೂತಾಗಿನಿಂದ ನನ್ನವಳು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದಳು. ಫೋನ್ ಮಾಡಿದರೆ ಮುಗಿಯುತ್ತಿತ್ತಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅಕ್ಕಾ. ಅದಕ್ಕೇ ಈ ಕಾಗದ.

ಲಾಂಡ್ರಿ ನೀನು ಬಿಟ್ಟು ಹೋದ ಹಾಗೇ ಇದೆ. ಅದೇ ಹಬೆ, ಅದೇ ಒದ್ದೆ ನೆಲ, ಇಸ್ತ್ರಿ ಮೇಜುಗಳ ಆಚೆ ಗಾಜಿನ ಗೂಡಿನಲ್ಲಿ ಫ್ಯಾನಿನ ಕೆಳಗೆ ಅದೇ ನಾನು. ದೊಡ್ಡ ಹೋಟೆಲಿನ ಹಾಸಿಗೆ ಬಟ್ಟೆ ಈಗಲೂ ವಾರ ಬಿಟ್ಟು ವಾರ ಬರುತ್ತದೆ. ಬಂದ ವಾರ ನಿಮಗೆಲ್ಲ ಐವತ್ತೆಂಟು ಗಂಟೆ ದುಡಿಮೆ, ಬಾರದ ವಾರ ಮೂವತ್ತೆಂಟು. ಸಂಬಳ ಎರಡು ವಾರಕ್ಕೊಮ್ಮೆ ಆದ್ದರಿಂದ ನಾನು ಎರಡನ್ನೂ ಕೂಡಿಸಿ ತೊಂಬತ್ತಾರು ಎಂದು ಬರೆದು, ಅರ್ಧ ಮಾಡಿದರೆ ವಾರಕ್ಕೆ ನಲವತ್ತೆಂಟೇ ಆಯಿತು, ಓವರ್‌ಟೈಮ್ ಇಲ್ಲ ಎಂದು ಗೆರೆ ಎಳೆಯುತ್ತಿದ್ದೆ. ಲೆಕ್ಕ ಎಷ್ಟು ಸಮವಾಗಿ ಬರುತ್ತದೆ ಎಂದು ಖುಷಿಯೂ ಪಡುತ್ತಿದ್ದೆ, ಮೂರ್ಖ.

ಹೋದ ವಾರ, ನಿನ್ನ ಮೇಜಿಗೆ ಬಂದಿರುವ ಹೊಸ ಹೆಂಗಸು ಸಂಬಳದ ಚೀಟಿ ಹಿಡಿದು ನನ್ನ ಮುಂದೆ ನಿಂತಳು. ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾಳೆಂದು ಅವಳನ್ನು ಲಾಯರಮ್ಮ ಎನ್ನುತ್ತಾರೆ. ನಾನು ಎಂದಿನ ಪಾಠ ಒಪ್ಪಿಸಿದೆ. ಅವಳು ಕೇಳಿಸಿಕೊಂಡು, "ಅಣ್ಣಾ, ಹೋದ ವಾರ ಸುರಿಸಿದ ಬೆವರನ್ನ ಈ ವಾರ ಒರೆಸಿಬಿಟ್ರೆ ಸುರಿಸಲೇ ಇಲ್ಲ ಅಂತಾಗುತ್ತಾ?" ಎಂದಳು. ಆಮೇಲೆ ನನ್ನ ಬೆನ್ನ ಹಿಂದಿನ ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಕಾರ್ಮಿಕ ಇಲಾಖೆಯವರ ಫಲಕವಿದೆ: ಯಾವುದೇ ವಾರದಲ್ಲಿ ನಲವತ್ತೆಂಟು ಗಂಟೆ ಮೀರಿದರೆ, ಮೀರಿದ ಪ್ರತಿ ಗಂಟೆಗೂ ಎರಡರಷ್ಟು ಕೂಲಿ. ಒಂದೊಂದು ವಾರವನ್ನೂ ಬೇರೆಯಾಗಿಯೇ ಎಣಿಸಬೇಕು. ಆ ಫಲಕಕ್ಕೆ ಮೊಳೆ ಹೊಡೆದವನು ನಾನೇ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಬುಡದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ನಿನಗೂ ಒಂದು ದಿನ ಅನುಮಾನ ಬಂದಿತ್ತು. "ಇನ್ನೊಂದು ಸಲ ನೋಡ್ತೀಯೇನೋ ತಮ್ಮಾ, ಕಡಿಮೆ ಅನಿಸುತ್ತೆ" ಎಂದಿದ್ದೆ. ನಾನು ಎಲ್ಲರಿಗೂ ಕೇಳುವಂತೆ, "ಅಕ್ಕಾ, ಇಸ್ತ್ರಿ ನಿನ್ನದು, ಲೆಕ್ಕ ನನ್ನದು" ಎಂದೆ. ನಿನ್ನ ಜೊತೆಯವರು ನಕ್ಕರು. ನೀನೂ ನಕ್ಕ ಹಾಗೆ ಮಾಡಿ ಮೇಜಿಗೆ ಹೋದೆ, ಮತ್ತೆಂದೂ ಕೇಳಲಿಲ್ಲ. ಸಾಹೇಬರ ಹತ್ತಿರ ಹತ್ತು ಸಲ ಅಲೆದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವಳೇ ನೀನು. ಎರಡು ವಾರಕ್ಕೆ ಹತ್ತು ಗಂಟೆಯ ಕೂಲಿಯಂತೆ ನಾಲ್ಕು ವರ್ಷ, ರಜೆ ಕಳೆದರೂ ಹತ್ತಿರ ಹತ್ತಿರ ಸಾವಿರ ಗಂಟೆಯ ಕೂಲಿ ನಿನಗೆ ತಪ್ಪಿಸಿದ್ದೇನೆ. ಕೈ ನೋವಿಗೆ ಔಷಧಿ ತರಲು ನೀನು ನನ್ನ ಹತ್ತಿರವೇ ಸಾಲ ಕೇಳಿದ್ದೆ. ನಾನು ದೊಡ್ಡ ಮನಸ್ಸಿನವನಂತೆ, ನಿಧಾನವಾಗಿ ಕೊಡು ಎಂದಿದ್ದೆ. ಅದು ನಿನ್ನದೇ ದುಡ್ಡು.

ಶುಕ್ರವಾರ ಸಾಹೇಬರಿಗೆ ಎಲ್ಲ ಹೇಳಿದೆ. ಬೈದರು, ಬೈಯಲಿ. ಕೆಲಸದಲ್ಲಿರುವವರಿಗೆಲ್ಲ ಹಳೆಯ ಬಾಕಿ ಕೊಡುತ್ತೇವೆಂದು ಒಪ್ಪಿದರು. ಲಾಯರಮ್ಮ ನನಗೆ ಚಹಾ ತಂದುಕೊಟ್ಟಳು. ಅದೊಂದು ನುಂಗಲಾರದ ತುತ್ತಾಯಿತು. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು. ಭಾರ ಎತ್ತಬೇಡ.

ನಿನ್ನ ಪ್ರೀತಿಗೆ ತಕ್ಕವನಾಗದ,
ತಮ್ಮ

ಮರೆತದ್ದು: ಮರೆತದ್ದಲ್ಲ, ಹೆದರಿ ಬಿಟ್ಟದ್ದು. ಕೆಲಸ ಬಿಟ್ಟು ಹೋದ ಒಂಬತ್ತು ಜನಕ್ಕೆ ಒಂದು ಕಾಸೂ ಕೊಡುವುದಿಲ್ಲವಂತೆ. "ನೀನಾಗಿ ಯಾಕೆ ಹೇಳೋಕೆ ಹೋಗ್ತೀಯ, ಅವರಿಗೆ ಗೊತ್ತಾಗಲ್ಲ" ಎಂದರು ಸಾಹೇಬರು. ಆ ಒಂಬತ್ತರಲ್ಲಿ ನೀನಿದ್ದೀಯೆಂದು ಗೊತ್ತಿದ್ದೂ ತಲೆಯಾಡಿಸಿ ಬಂದೆ, ಅಕ್ಕಾ. ನಿನ್ನ ನಾಲ್ಕು ವರ್ಷದ ಗಂಟೆಗಳನ್ನು ಒಂದೊಂದು ವಾರಕ್ಕೆ ಬೇರೆ ಬೇರೆಯಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಪ್ರತಿ ಹಾಳೆಗೂ ಸಹಿ ಹಾಕಿದ್ದೇನೆ. ಉಳಿದ ಎಂಟು ಜನಕ್ಕೂ ಅವರವರದ್ದನ್ನು ಕಳಿಸುತ್ತಿದ್ದೇನೆ. ಕಾರ್ಮಿಕ ಇಲಾಖೆಗೆ ತೆಗೆದುಕೊಂಡು ಹೋಗು. ಈ ತಪ್ಪು ಲೆಕ್ಕ ಬರೆದವರು ಯಾರು ಎಂದು ಅಧಿಕಾರಿ ಕೇಳುತ್ತಾರೆ. ಆಗ ತಮ್ಮ ಎಂದು ಸುಮ್ಮನಾಗಬೇಡ. ನನ್ನ ಹೆಸರು ಹೇಳು.