ಚರ್ಚಿನ ಬಾಗಿಲಲ್ಲಿ ಬಿಟ್ಟ ಬೂಟು

ಪ್ರಾಗ್, ಅಕ್ಟೋಬರ್ ೧೪, ರಾತ್ರಿ

ಅಂಗಾಲು ಇನ್ನೂ ಬೆಚ್ಚಗಾಗಿಲ್ಲ. ತಪ್ಪು ನನ್ನದೇ. ಕಾಲೇಜಿನವರೆಲ್ಲ ಊರು ನೋಡುತ್ತ ದೊಡ್ಡ ಚರ್ಚಿಗೆ ಬಂದಾಗ, ಹರಿಹರದ ಗುಡಿಗೆ ಹೋದ ಹಾಗೆ ಬಾಗಿಲಲ್ಲೇ ಬೂಟು ಬಿಚ್ಚಿಬಿಟ್ಟೆ.

“ಏ ಚೈತ್ರಾ, ಇಲ್ಲಿ ಯಾರೂ ಬಿಚ್ಚಲ್ಲ, ಹಾಕ್ಕ!” ಎಂದು ಯೋಗರಾಜ್ ನಕ್ಕ.

“ದೇವ್ರು ಇರೋ ಜಾಗ ಇದು. ನೀ ಬೇಕಾದ್ರೆ ಹಾಕ್ಕೊಂಡು ಹೋಗು.”

ಅವನು ಗೊಣಗುತ್ತಲೇ ಬಿಚ್ಚಿದ. ಆಮೇಲೆ ಉಳಿದವರೂ ಬಿಚ್ಚಿದರು. ಒಳಗೆ ಎಲ್ಲರೂ ನಮ್ಮ ಕಾಲನ್ನೇ ನೋಡುತ್ತಿದ್ದರು. ನಾಚಿಕೆಗೆ ಬಣ್ಣದ ಗಾಜಿನ ಕಿಟಕಿಗಳನ್ನೂ ಸರಿಯಾಗಿ ನೋಡಲಿಲ್ಲ.

ಹೊರಬಂದರೆ ಬೂಟಿನ ಸಾಲು ಉದ್ದವಾಗಿತ್ತು! ಯಾರೋ ಪರದೇಶದವರು, ಇಲ್ಲಿಯ ಪದ್ಧತಿಯೇ ಹೀಗೆಂದುಕೊಂಡು, ತಮ್ಮವನ್ನೂ ಪಕ್ಕದಲ್ಲೇ ಬಿಟ್ಟು ಒಳಗೆ ಹೋಗಿದ್ದರು.

ಬಸ್ಸಿಗೆ ಹೊತ್ತಾಗಿತ್ತು. ಹೊರಟೆವು. ಯೋಗರಾಜ್ ಮಾತ್ರ ಅಲ್ಲಿಂದ ಕದಲಲಿಲ್ಲ.

“ಅವ್ರು ಬರೋತನಕ ತಡೀರಿ. ಯಾರಾದ್ರೂ ಎತ್ಕೊಂಡು ಹೋದ್ರೆ?”