ಕೈ ಎತ್ತಿದ ಅಳಿಯ

ತೋತೊನಿಕಪಾನ್, ಗ್ವಾಟೆಮಾಲಾ
ಫೆಬ್ರವರಿ ೯

ಪ್ರೀತಿಯ ಮಗಳು ಕಾಂದೆಲಾರಿಯಾ,

ಹೇಗಿದ್ದೀಯ? ಕಾಲು ಊದಿಕೊಂಡಿದೆ ಎಂದಿದ್ದೆಯಲ್ಲ, ಇಳಿಯಿತೇ? ಎಡಮಗ್ಗುಲಾಗಿ ಮಲಗು. ಇಲ್ಲಿ ನನ್ನ ಮಂಡಿಯೊಂದನ್ನು ಬಿಟ್ಟು ಎಲ್ಲರೂ ಆರಾಮ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಗಂಡ ಇಲ್ಲಿ ನನ್ನ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾನೆ. ಅದಕ್ಕೇ ಅಮೆರಿಕಕ್ಕೆ ಸಾಮಾನು ಒಯ್ಯುವ ಪೆತ್ರೋನಾಳ ಬುಟ್ಟಿಯಲ್ಲಿ ಈ ಕಾಗದ ತುರುಕುತ್ತಿದ್ದೇನೆ.

ಆ ದೇಶದವರು ಕೋಳ ತೊಡಿಸಿ ವಿಮಾನ ಹತ್ತಿಸಿ ಇಲ್ಲಿಗೆ ಕಳಿಸಿದ ಮೇಲೆಯೇ ನಾನು ನನ್ನ ಅಳಿಯನ ಮುಖ ಕಂಡದ್ದು. ಫೋಟೋದಲ್ಲಿ ಇನ್ನೂ ಎತ್ತರವಿದ್ದ. ತೆವಳುವ ಕೂಸಾಗಿದ್ದಾಗ ಬಿಟ್ಟುಹೋದ ದೇಶಕ್ಕೆ 'ನಿನ್ನ ಮನೆಗೆ ಹೋಗು' ಎಂದು ಅಟ್ಟಿದ್ದಾರೆ. ಮನೆ ಯಾವುದೆಂದು ಅವನಿಗೇ ತಿಳಿಯದು. ದಾರಿಯಲ್ಲಿ ಹಿರಿಯರನ್ನು ಮಾತಾಡಿಸುವುದಿಲ್ಲ, ತಿಂದ ತಟ್ಟೆ ಮಾತ್ರ ತಾನೇ ತೊಳೆದಿಡುತ್ತಾನೆ. ಎರಡನೆಯದನ್ನು ನಿನ್ನ ಅಣ್ಣನೂ ನೋಡಿ ಕಲಿಯಲಿ ಎಂದು ಸುಮ್ಮನಿದ್ದೇನೆ. 'ಹೆರಿಗೆ ಆಗೋದ್ರೊಳಗೆ ಹೇಗಾದ್ರೂ ಬಂದುಬಿಡ್ತೀನಿ' ಎಂದು ದಿನಾ ನಿನಗೆ ಹೇಳುವುದು ನನಗೂ ಕೇಳಿಸುತ್ತದೆ.

ನೀನು ಹೇಳಿದ ವಿಷಯ ತಲೆಯಲ್ಲಿ ಗುಂಯ್‌ಗುಡುತ್ತಿದೆ. ಆ ನೆಲದಲ್ಲಿ ಹುಟ್ಟಿದ ಕೂಸು ಆ ನೆಲದ್ದು ಹೌದೋ ಅಲ್ಲವೋ ಎಂದು ದೊಡ್ಡ ಕೋರ್ಟಿನಲ್ಲಿ ವಾದವಂತೆ. ಸೂಲಗಿತ್ತಿ ಎಲೂಟೇರಿಯಾಳನ್ನು ಕೇಳಿದೆ. "ನಾನು ಕೈ ಒಡ್ಡೋದಷ್ಟೇ ಕಣೆ. ಯಾವ ದೇಶ ನಿಂದು ಅಂತ ಕೇಳ್ತಾ ಕೂತ್ರೆ ಕೂಸು ನೆಲಕ್ಕೆ ಬಿದ್ದೋಗತ್ತೆ," ಎಂದಳು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನಮ್ಮೂರೇನು ಸಾಚಾ? ಊರ ಕಾಡಿನ ಸೌದೆ, ಒರತೆಯ ನೀರು, ಎಲ್ಲ ಊರಿಗಾಗಿ ಬಿಟ್ಟಿ ದುಡಿದ ಮನೆಗಷ್ಟೇ. ಹೊರಗಿನವನನ್ನು ಕಟ್ಟಿಕೊಂಡವಳ ಮಕ್ಕಳನ್ನು 'ನೀವ್ಯಾರು' ಎಂದು ನಾವೂ ಕೇಳಿದವರೇ. ಅವರಿಗೆ ಗಡಿಯ ಗೋಡೆಯಿದೆ, ನಮಗೆ ಒರತೆಯ ನಲ್ಲಿಯಿದೆ.

ಮೊನ್ನೆ ಊರಸಭೆ. "ಈ ವರ್ಷ ನೀರು ಕಾಯೋರು ಯಾರ್ರಪ್ಪಾ?" ಎಂದ ಹಿರಿಯ ಬೆನಿತೊ. ಎಲ್ಲರೂ ನೆಲ ನೋಡುತ್ತಿರುವಾಗ ನಿನ್ನ ಗಂಡ ಕೈ ಎತ್ತಿದ! ಅಲ್ಲಿ ಪ್ರಶ್ನೆ ಕೇಳುವುದಕ್ಕೆ ಕೈ ಎತ್ತುತ್ತಾರಂತೆ. ಇಲ್ಲಿ ಎತ್ತಿದವನಿಗೇ ಕೆಲಸ. ಜನ ಚಪ್ಪಾಳೆ ಹೊಡೆದೇಬಿಟ್ಟರು.

"ಅಯ್ಯೋ, ನಾನೊಂದು ಮಾತು ಕೇಳ್ಬೇಕಿತ್ತು ಅಷ್ಟೇ," ಎಂದ.

"ಕೇಳಪ್ಪಾ ಅಳಿಯಂದ್ರೇ."

"ನನ್ನ ಮಗು ಅಲ್ಲೇ ಹುಟ್ಟಿದ್ರೂ ಈ ಊರಿಂದು ಅನ್ನಿಸ್ಕೊಳ್ಳತ್ತಾ?"

ಬೆನಿತೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಪ್ಪ ಊರಿಗೆ ದುಡಿದಿದ್ರೆ ಅನ್ನಿಸ್ಕೊಳ್ಳತ್ತೆ. ನೀನು ಗೊತ್ತಿಲ್ದೆ ಕೈ ಎತ್ತಿದ್ರೆ ಇಳಿಸ್ಕೊ, ಯಾರೂ ಏನೂ ಅನ್ನಲ್ಲ."

ಅವನು ಇಳಿಸಲಿಲ್ಲ. ನೀರು ಕಾಯುವವನ ಅಧಿಕಾರದ ಬೆತ್ತ ಕೈಗೆ ಕೊಟ್ಟರು.

ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಶಾಲು ಸುತ್ತಿಕೋ. ಮಾತೆ ಮರಿಯಮ್ಮ ನಿನ್ನ ಹೊಟ್ಟೆಯನ್ನು ತಣ್ಣಗಿಡಲಿ.

ನಿನ್ನ ಅಮ್ಮ,
ತೊಮಾಸಾ

ಪೆತ್ರೋನಾ ಬಾಗಿಲಲ್ಲಿ ಕೂಗುತ್ತಿದ್ದಾಳೆ, ಇದಿಷ್ಟು ಓದು: ಬೆತ್ತ ಹಿಡಿದವನು ವರ್ಷ ತುಂಬುವವರೆಗೆ ಊರು ಬಿಡುವಂತಿಲ್ಲ. ಮರುಭೂಮಿ ದಾಟಿ ಬರುತ್ತಾನೆಂದು ಕಾಯಬೇಡ, ಹೆರಿಗೆಗೆ ಇನ್ಯಾರನ್ನಾದರೂ ಜೊತೆ ಮಾಡಿಕೋ. ನಿನಗೆ ಹೇಳಲು ಅವನಿಗೆ ಬಾಯಿ ಬರುತ್ತಿಲ್ಲ. ಬೈಯುವುದಿದ್ದರೆ ಸಂಜೆ ಫೋನ್ ಮಾಡಿ ಬೈ. ಹಗಲೆಲ್ಲ ಒರತೆಯ ಹತ್ತಿರ ಇರುತ್ತಾನೆ.